ಶೇಖರನ ಹಿಮ್ಮಡಿ

ಈ ಊರಲ್ಲಿ ಮೈಯಲ್ಲಿ ಎಲ್ಲೋ ನೋವು ಎಂದು ಒಮ್ಮೆ ಬಾಯಿ ಬಿಟ್ಟು ನೋಡಿ. ಎಲ್ಲಿ ನೋವು, ಯಾವಾಗಿನಿಂದ ನೋವು ಎಂದು ಯಾರೂ ಕೇಳುವುದಿಲ್ಲ. “ಯಾವ ಕಾರ್ಡು?” ಎಂದು ಕೇಳುತ್ತಾರೆ. ಹೊಟ್ಟೆ ಹಿಡಿದುಕೊಂಡು ಬಗ್ಗಿದವನೂ ಒಂದು ಕೈ ಬಿಡಿಸಿಕೊಂಡು ಜೇಬಿನಿಂದ ಇನ್ಶೂರೆನ್ಸ್ ಕಾರ್ಡು ತೆಗೆದು ತೋರಿಸಬೇಕು. ಅದರ ಬಣ್ಣ ನೋಡಿದ ಮೇಲೆಯೇ ಆ ಹೊಟ್ಟೆನೋವಿನ ಯೋಗ್ಯತೆ ಎಷ್ಟು, ಅದನ್ನು ಯಾವ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಬಹುದು ಎಂದು ತೀರ್ಮಾನವಾಗುವುದು. ಇದನ್ನು ನಾನು ದೂರುವವನ ಹಾಗೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಹೀಗೆ ಕೇಳುವವರ ಸಾಲಿನಲ್ಲಿ ಮೊದಲು ನಿಂತವನು ನಾನೇ.

ನನಗೆ ಹಾಡಲು ಬರುವುದಿಲ್ಲ, ಇಸ್ಪೀಟು ಬರುವುದಿಲ್ಲ, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಕುರ್ಚಿ ಜೋಡಿಸಲಿಕ್ಕೂ ಸೊಂಟ ಬಗ್ಗುವುದಿಲ್ಲ. ಉಡುಪಿಯ ಕಡೆಯಿಂದ ಬಂದು ದೋಹಾದ ಒಂದು ಕಂಪೆನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ ಹಿಡಿದವನು ನಾನು. ವಿಸಿಟಿಂಗ್ ಕಾರ್ಡಿನಲ್ಲಿ ಹುದ್ದೆಯ ಹೆಸರು ಎರಡು ಸಾಲು ಇದೆ, ಕೆಲಸ ಗುಮಾಸ್ತನದ್ದೇ. ಆದರೂ ಅಲ್ ವುಕೈರ್‌ನ ನಮ್ಮ ಕಟ್ಟಡದಲ್ಲಿ ನನಗೊಂದು ಹೆಸರಿತ್ತು. ಯಾವ ಕ್ಲಿನಿಕ್ಕು ಯಾವ ಕಾರ್ಡು ತೆಗೆದುಕೊಳ್ಳುತ್ತದೆ ಎನ್ನುವ ವಿದ್ಯೆ ನನಗೆ ಒಲಿದಿತ್ತು. ಮಗುವಿಗೆ ಕಿವಿನೋವು ಬಂದರೆ ತಾಯಂದಿರು ಡಾಕ್ಟರಿಗಿಂತ ಮೊದಲು ನನಗೆ ಫೋನು ಮಾಡುತ್ತಿದ್ದರು. ನಾಲ್ಕನೆಯ ಮಹಡಿಯ ಪ್ರಸನ್ನ, ತುಮಕೂರಿನ ಇಂಜಿನಿಯರು, ನಮ್ಮ ಕಟ್ಟಡದಲ್ಲೇ ಅತಿ ದೊಡ್ಡ ದರ್ಜೆಯ ಕಾರ್ಡು ಇಟ್ಟುಕೊಂಡವರು, ಅವರೂ ಲಿಫ್ಟಿನಲ್ಲಿ ಸಿಕ್ಕಾಗ, “ವಿಕ್ಟರ್, ಒಳ್ಳೆ ಹಲ್ಲಿನ ಡಾಕ್ಟ್ರು ಯಾರಿದ್ದಾರೆ?” ಎಂದು ಕೇಳಿಯೇ ಕೇಳುತ್ತಿದ್ದರು. ನಾನು ಕಣ್ಣು ಅರ್ಧ ಮುಚ್ಚಿ, ಏನೋ ಲೆಕ್ಕ ಹಾಕುವವನ ಹಾಗೆ ಸ್ವಲ್ಪ ತಡೆದು ಉತ್ತರ ಕೊಡುತ್ತಿದ್ದೆ. ತಡೆಯುವ ಅಗತ್ಯವೇನೂ ಇರಲಿಲ್ಲ, ಗತ್ತಿಗೆ ಬೇಕಿತ್ತು.

ಈ ವಿದ್ಯೆಯ ಗುಟ್ಟು ದೊಡ್ಡದಲ್ಲ. ಇನ್ಶೂರೆನ್ಸಿನವರ ವೆಬ್‌ಸೈಟಿನಲ್ಲಿ ಕ್ಲಿನಿಕ್ಕುಗಳ ಹೆಸರು ಉದ್ದಕ್ಕೆ ಇರುತ್ತದೆ. ಅದನ್ನು ನಂಬಿ ಹೊರಟವನು ಕೆಟ್ಟ. ಅಲ್ಲಿ ಹೌದು ಎಂದಿದ್ದದ್ದು ಕೌಂಟರಿನಲ್ಲಿ ಅಲ್ಲ ಎಂದಾಗುತ್ತದೆ. ಆದ್ದರಿಂದ ಫೋನು ಮಾಡಬೇಕು. ಮಾಡಿದಾಗ “ನೀವು ಇನ್ಶೂರೆನ್ಸ್ ತೆಗೆದುಕೊಳ್ಳುತ್ತೀರಾ?” ಎಂದು ಕೇಳಬಾರದು, ಯಾರು ಬೇಕಾದರೂ ಹೌದು ಎನ್ನುತ್ತಾರೆ. ಕಂಪೆನಿ ಯಾವುದು, ದರ್ಜೆ ಯಾವುದು, ಯಾವ ಡಾಕ್ಟರು, ಮೊದಲೇ ಒಪ್ಪಿಗೆ ತರಿಸಬೇಕೇ ಎಂದು ಬಿಡಿಸಿ ಬಿಡಿಸಿ ಕೇಳಬೇಕು. ಉತ್ತರ ಕೊಟ್ಟವರ ಹೆಸರು ಕೇಳಿಟ್ಟುಕೊಳ್ಳಬೇಕು. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಕೇಳಬೇಕು, ಏಕೆಂದರೆ ರಾತ್ರಿ ಬೆಳಗಾಗುವುದರೊಳಗೆ ಕ್ಲಿನಿಕ್ಕಿಗೂ ಇನ್ಶೂರೆನ್ಸಿನವರಿಗೂ ಸಂಬಂಧ ಮುರಿದುಬಿದ್ದಿರಬಹುದು. ಕೇಳದೆ ಹೊರಡಬೇಡಿ ಎಂದು ನಾನು ಎಷ್ಟು ಜನಕ್ಕೆ ಉಪದೇಶ ಮಾಡಿದ್ದೇನೋ ದೇವರಿಗೇ ಗೊತ್ತು.

ಹೀಗಿರುವಾಗ ನಮ್ಮ ಕಂಪೆನಿಯವರು ಇನ್ಶೂರೆನ್ಸ್ ಬದಲಾಯಿಸಿದರು. ನನ್ನ ಹಳೆಯ ಕಾರ್ಡು ಚಿನ್ನದ ಬಣ್ಣದ್ದು. ಹೊಸದು ತಿಳಿನೀಲಿ, ಶಾಲೆಯ ಯೂನಿಫಾರ್ಮು ಒಗೆದು ಒಗೆದು ಮಾಸಿದಂಥ ನೀಲಿ. “ಎಲ್ಲಾ ಸೇಮ್ ಸರ್, ನೆಟ್‌ವರ್ಕಿನಲ್ಲಿ ಕ್ಲಿನಿಕ್ ಸ್ವಲ್ಪ ಕಮ್ಮಿ, ಅಷ್ಟೆ,” ಎಂದಳು ಕಾರ್ಡು ಹಂಚಿದ ಹುಡುಗಿ. ಮ್ಯಾನೇಜರುಗಳ ಕಾರ್ಡು ಚಿನ್ನದ್ದಾಗಿಯೇ ಉಳಿಯಿತು. ನಾನು ಮ್ಯಾನೇಜರನಲ್ಲ ಎಂಬುದು ನನಗೆ ಗೊತ್ತಿತ್ತು, ಆದರೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿಸಿ ಕೈಗೆ ಕೊಟ್ಟದ್ದು ಅದೇ ಮೊದಲು. ನಮ್ಮ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರಿಗೂ ಅದೇ ತಿಳಿನೀಲಿ. ಈ ವಿಷಯವನ್ನು ನನ್ನ ಹೆಂಡತಿ ಸಿಲ್ವಿಯಾಳಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಕಟ್ಟಡದವರು ಕೇಳಿದಾಗ ಹಳೆಯ ಗತ್ತಿನಲ್ಲೇ ಸಲಹೆ ಕೊಡುತ್ತಿದ್ದೆ, ನನ್ನ ಕಾರ್ಡು ಮಾತ್ರ ಪರ್ಸಿನಲ್ಲಿ ಎಲ್ಲಕ್ಕಿಂತ ಹಿಂದೆ, ಸಂತ ಅಂತೋನಿಯ ಚಿತ್ರದ ಬೆನ್ನಿಗೆ ಅಡಗಿಕೊಂಡಿತ್ತು.

ಆಮೇಲೆ ಹಿಮ್ಮಡಿ ನೋವು ಬಂತು. ಬಲಗಾಲಿನದ್ದು. ಬೆಳಿಗ್ಗೆ ಮಂಚದಿಂದ ಇಳಿದು ಕಾಲೂರಿದರೆ ಮೊಳೆಯ ಮೇಲೆ ನಿಂತ ಹಾಗೆ. ಸಿಲ್ವಿಯಾ ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ ಪಾದದ ಅಡಿಗೆ ಉರುಳಿಸಲು ಕೊಟ್ಟಳು. ನಮ್ಮ ಓಣಿಯ ಆಚೆಗಿನ ಖಾಲಿ ಜಾಗದಲ್ಲಿ ಎಕ್ಕದ ಗಿಡ ಕಂಡುಹಿಡಿದು, ಊರಲ್ಲಿ ಅವಳಮ್ಮ ಮಾಡುತ್ತಿದ್ದ ಹಾಗೆ ಇಟ್ಟಿಗೆ ಕಾಯಿಸಿ ಅದರ ಮೇಲೆ ಎಲೆಯಿಟ್ಟು ಶಾಖ ಕೊಡಿಸಿದಳು. ಎರಡೂ ಹಿತವಾಗಿದ್ದವು, ಎರಡರಿಂದಲೂ ಏನೂ ಆಗಲಿಲ್ಲ. ನಾನು ಮುಂಗಾಲಿನ ಮೇಲೆ ನಡೆಯುವುದನ್ನು ಅಭ್ಯಾಸ ಮಾಡಿಕೊಂಡೆ. ಯಾರಾದರೂ ಎದುರು ಬಂದರೆ ನಿಂತು ಮೊಬೈಲು ನೋಡುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿಲ್ಲ ಎಂದು ನನ್ನ ದೃಢ ನಂಬಿಕೆ.

“ಹೋಗಿ ತೋರಿಸಿ ಮಾರಾಯ್ರೇ,” ಎಂದಳು ಸಿಲ್ವಿಯಾ. “ಎಲ್ಲರಿಗೂ ಕ್ಲಿನಿಕ್ ಹುಡುಕಿ ಕೊಡ್ತೀರಿ. ನಿಮ್ಮ ಕಾಲಿಗೆ ಒಂದು ಸಿಗೋದಿಲ್ವಾ?”

ಸರ್ಕಾರಿ ಆರೋಗ್ಯ ಕೇಂದ್ರ ಇದ್ದೇ ಇತ್ತು, ಆದರೆ ಅಲ್ಲಿಂದ ಮೂಳೆ ಡಾಕ್ಟರ ಬಳಿಗೆ ಚೀಟಿ ಸಿಕ್ಕಿ ದಿನ ಗೊತ್ತಾಗುವುದಕ್ಕೆ ತಾಳ್ಮೆ ಬೇಕು. ಫೋನು ಮಾಡಿ ವಿಚಾರಿಸೋಣವೆಂದರೆ ಆಫೀಸಿನಲ್ಲಿ ಅಕ್ಕಪಕ್ಕದವರ ಕಿವಿ. ಅವರಿಗೆಲ್ಲ ವರ್ಷಗಟ್ಟಲೆ ದರ್ಜೆಯ ಬಗ್ಗೆ ಪಾಠ ಹೇಳಿದವನು ನಾನು. ಈಗ ನನ್ನದೇ ದರ್ಜೆಯನ್ನು ಗಟ್ಟಿಯಾಗಿ ಉಚ್ಚರಿಸುವುದು ಹೇಗೆ? ಮನೆಯಿಂದ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಿಜ. ಆದರೆ ಆ ಪ್ರಶ್ನೆಗೆ ಉತ್ತರ ಏನು ಬರುತ್ತದೆ ಎಂದು ಒಳಗೊಳಗೆ ಗೊತ್ತಿತ್ತು, ಗೊತ್ತಿದ್ದದ್ದನ್ನು ಯಾರಾದರೂ ಯಾಕೆ ಕೇಳುತ್ತಾರೆ? ಅಲ್ ಥುಮಾಮಾದಲ್ಲಿ ನಾವು ಹಳೆಯ ಕಾರ್ಡಿನ ಕಾಲದಲ್ಲಿ ಹೋಗುತ್ತಿದ್ದ ಒಂದು ಕ್ಲಿನಿಕ್ಕಿತ್ತು. ಅಲ್ಲಿಯವರು ನನ್ನ ಮುಖ ನೋಡಿ ಒಳಗೆ ಬಿಟ್ಟಾರು ಎಂಬ ಆಸೆಯಿಂದ, ಜನ್ಮದಲ್ಲಿ ಮೊದಲ ಸಲ, ಕೇಳದೆ ಹೊರಟೆ.

ಒಳಗೆ ಕಾಲಿಟ್ಟರೆ ಊದಿನ ಪರಿಮಳ, ಮೆತ್ತನೆಯ ಸೋಫಾ. ಔಷಧಿಯ ವಾಸನೆ ಒಂದಿಷ್ಟೂ ಇಲ್ಲ. ಕೌಂಟರಿನಲ್ಲಿದ್ದದ್ದು ಹೊಸ ಮಲಯಾಳಿ ಹುಡುಗಿ. ನಾನು ಕಾರ್ಡನ್ನು ಅರ್ಧ ಅಂಗೈಯಲ್ಲಿ ಮುಚ್ಚಿಕೊಂಡು ಮುಂದಿಟ್ಟೆ. ಅವಳು ಅದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಕೋಣೆಯೆಲ್ಲ ಕೇಳುವ ಹಾಗೆ ಹಿಂದಿಯಲ್ಲಿ ಹೇಳಿದಳು: ಈ ಕಾರ್ಡು ನಮ್ಮಲ್ಲಿ ಇಲ್ಲ ಸರ್, ಇದು ಇಂಡಸ್ಟ್ರಿಯಲ್ ಏರಿಯಾ ಕಡೆಯ ಕ್ಲಿನಿಕ್ಕುಗಳಿಗೆ. ಪಾಪ, ಅವಳು ಒರಟಾಗಿ ಹೇಳಲಿಲ್ಲ. ಆದರೆ ದನಿ ಸ್ಪಷ್ಟವಾಗಿತ್ತು.

ಅದೇ ಹೊತ್ತಿಗೆ ನನ್ನ ಬೆನ್ನ ಹಿಂದಿನಿಂದ, “ಎಂಥ ಪೊರ್ಬುಗಳೇ, ಇಲ್ಲಿ?” ಎಂದು ಯಾರೋ ಕರೆದರು.

ನಮ್ಮ ಕರಾವಳಿಯಲ್ಲಿ ಕೊಂಕಣಿ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುವ ರೂಢಿ. ದೋಹಾದಲ್ಲಿ ನನ್ನನ್ನು ಹಾಗೆ ಕರೆಯುವವರು ಒಬ್ಬರೇ, ಹಮೀದಾಕ. ಉಳ್ಳಾಲದ ಬ್ಯಾರಿಗಳು. ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೇ ಇಲ್ಲಿಗೆ ಬಂದು, ಇಂಡಸ್ಟ್ರಿಯಲ್ ಏರಿಯಾದಲ್ಲಿ ಟಯರು, ಬ್ಯಾಟರಿಗಳ ಅಂಗಡಿ ಇಟ್ಟವರು. ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಮನೆ. ಮೊಮ್ಮಗಳಿಗೆ ಜ್ವರವೆಂದು ಕರೆದುಕೊಂಡು ಬಂದಿದ್ದರು. ಅವರ ಮೊಮ್ಮಗಳಿಗೆ ಈ ಕ್ಲಿನಿಕ್ಕನ್ನು ಸೂಚಿಸಿದವನೂ ನಾನೇ.

ಆ ಕ್ಷಣದಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ಕೆಲಸ ಶುರು ಮಾಡಿತು. “ಇದು ನನ್ನ ಕಾರ್ಡಲ್ಲ ಹಮೀದಾಕ,” ಎಂದೆ. “ನಮ್ಮ ಕಂಪೆನಿಯ ಒಬ್ಬ ಜನಕ್ಕೆ. ಲೇಬರು. ಪಾಪದವನು. ವಿಚಾರಿಸಿಕೊಂಡು ಹೋಗುವಾ ಅಂತ ಬಂದೆ.”

“ಓ, ಹಾಗಾ. ಎಂಥ ಆಗಿದೆ ಅವನಿಗೆ?”

ಬುದ್ಧಿಯಿರುವವನು ಜ್ವರ ಎನ್ನುತ್ತಿದ್ದ, ಹಲ್ಲುನೋವು ಎನ್ನುತ್ತಿದ್ದ. ನಾನು ಹೇಳಿದೆ: “ಹಿಮ್ಮಡಿ ನೋವು.”

“ಯಾವ ಕಾಲು?”

“ಬಲಗಾಲು.”

“ಹೆಸರೆಂಥ?”

“ಶೇಖರ.”

ಹೀಗೆ ಒಂದು ನಿಮಿಷದಲ್ಲಿ ಶೇಖರ ಹುಟ್ಟಿದ. ಕೌಂಟರಿನ ಹುಡುಗಿ ಕಾರ್ಡಿನ ಮೇಲಿದ್ದ ನನ್ನ ಫೋಟೋವನ್ನೂ ನನ್ನನ್ನೂ ಒಮ್ಮೆ ನೋಡಿ, ಅದನ್ನು ಮಗುಚಿ ಹಾಕಿ ನನ್ನ ಕಡೆಗೆ ಸರಿಸಿದಳು. ನಾನು ಅದನ್ನು ಜೇಬಿಗಿಳಿಸಿ, ಬಾಗಿಲಿನವರೆಗೆ ಎರಡೂ ಹಿಮ್ಮಡಿ ಊರಿಕೊಂಡು ನೆಟ್ಟಗೆ ನಡೆದೆ. ಕಣ್ಣಲ್ಲಿ ನೀರು ಬಂತು. ನೋವಿಗೆ ಎಂದು ಆಗ ಅಂದುಕೊಂಡೆ.

ನಾಚಿಕೆಯ ಬಗ್ಗೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಮಾತುಗಳಿವೆ ನೋಡಿ. ಮದುವೆಯೂಟದಲ್ಲಿ ಇನ್ನೊಂದು ಹೋಳಿಗೆ ಬೇಕೆನಿಸಿದರೂ ಬೇಡ ಎನ್ನುವುದು ಸಂಕೋಚ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಸಭೆಯಲ್ಲಿ ಕೂತದ್ದು ಗೊತ್ತಾದರೆ ಮುಜುಗರ. ಲಜ್ಜೆಯನ್ನು ಕವಿಗಳು ಮದುಮಗಳಿಗೆ ಮೀಸಲಿಟ್ಟಿದ್ದಾರೆ. ಮರ್ಯಾದೆ ಹೋಗಬೇಕಾದರೆ ನೋಡುವುದಕ್ಕೆ ನಾಲ್ಕು ಜನ ಬೇಕು. ನಾಚಿಕೆ ಇದೆಯಲ್ಲ, ಅದಕ್ಕೆ ಯಾರೂ ಬೇಡ, ಬಚ್ಚಲಲ್ಲಿ ಒಬ್ಬನೇ ಮುಖ ತೊಳೆಯುವಾಗಲೂ ಬರುತ್ತದೆ. ಕಾಲೇಜಿನಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟರು ಹೇಳುತ್ತಿದ್ದರು, ರಸಗಳನ್ನು ಎಣಿಸಿದ ಹಿರಿಯರು ಒಂಬತ್ತರಲ್ಲಿ ನಾಚಿಕೆಗೆ ಜಾಗ ಕೊಡಲಿಲ್ಲ, ಬಂದು ಹೋಗುವ ಸಂಚಾರಿ ಭಾವಗಳ ಗುಂಪಿನಲ್ಲಿ ಅದನ್ನು ಕೂರಿಸಿಬಿಟ್ಟರು ಎಂದು. ಬಂದು ಹೋಗುವುದಂತೆ! ನನ್ನಲ್ಲಿಗೆ ಬಂದದ್ದು ಚಾಪೆ ಹಾಸಿಕೊಂಡು ಮಲಗಿತು. ಆ ಹಿರಿಯರಿಗೆ ಯಾರೂ ತಿಳಿನೀಲಿ ಕಾರ್ಡು ಕೊಟ್ಟಿರಲಿಲ್ಲ ಎಂದು ಕಾಣುತ್ತದೆ.

ನಾನು ಶೇಖರನನ್ನು ಆ ಕ್ಲಿನಿಕ್ಕಿನ ಸೋಫಾದ ಮೇಲೇ ಬಿಟ್ಟು ಬಂದೆ ಎಂದುಕೊಂಡಿದ್ದೆ. ಆದರೆ ಹಮೀದಾಕರಂಥವರ ಕಿವಿಗೆ ಒಬ್ಬ ಪಾಪದವನ ಸುದ್ದಿ ಬಿದ್ದರೆ ಅದು ಅಲ್ಲಿಗೆ ಮುಗಿಯುವುದಿಲ್ಲ. ಮರುದಿನವೇ ಫೋನು. “ಶೇಖರ ಹೇಗಿದ್ದಾನೆ?” ಹಾಗೇ ಇದ್ದಾನೆ ಎಂದೆ. ಶುಕ್ರವಾರ ಸಂಜೆ ನಮ್ಮ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಕರಕ್ ಚಹಾಕ್ಕೆ ಸೇರಿದಾಗ ಅವರು ಎಲ್ಲರ ಮುಂದೆ ವಿಷಯ ತೆಗೆದರು. ಚಹಾದ ಗ್ಲಾಸು ಹಿಡಿದವರೆಲ್ಲ ಶೇಖರನ ಸುತ್ತ ಸೇರಿಕೊಂಡರು. ಅವನ ಊರೆಲ್ಲಿ? ಕಾರ್ಕಳದ ಕಡೆ ಎಂದೆ. ಮದುವೆಯಾಗಿದೆಯಾ? ಆಗಿದೆ. ಮಕ್ಕಳು? ಇಬ್ಬರು ಹೆಣ್ಣುಮಕ್ಕಳು ಎಂದೆ. ಇಷ್ಟು ಹೇಳುವಷ್ಟರಲ್ಲಿ ನನಗೇ ಅವನ ಮೇಲೆ ಕನಿಕರ ಬಂದುಬಿಟ್ಟಿತು. ಪ್ರಸನ್ನರು ಮಾತ್ರ ಅವತ್ತು ಏನೂ ಕೇಳಲಿಲ್ಲ, ಎಡಗೈಯಲ್ಲಿ ಗ್ಲಾಸು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

“ಕೆಲಸದಲ್ಲಿ ನಿಂತುಕೊಂಡೇ ಇರ್ಬೇಕಾ ಅವನಿಗೆ?” ಎಂದು ಹಮೀದಾಕ ಕೇಳಿದರು.

“ಇಲ್ಲ, ಕೂತೇ ಮಾಡೋದು,” ಎಂದುಬಿಟ್ಟೆ.

“ಲೇಬರು ಅಂದಿರಲ್ಲ?”

“ಅಂದರೆ... ಕೂತುಕೊಂಡು ಎಣಿಸುವ ಕೆಲಸ. ಗೋದಾಮಿನಲ್ಲಿ.”

“ಹ್ಞಾಂ, ಹ್ಞಾಂ,” ಎಂದು ಹಮೀದಾಕ ಗಡ್ಡ ಕೆರೆದುಕೊಂಡರು. “ಚಪ್ಪಲಿಯ ಸೈಜು ಎಷ್ಟು ಅವನದ್ದು?”

ನನ್ನ ಸೈಜೇ ಹೇಳಿದೆ. ಬೇರೆ ಯಾರ ಸೈಜು ನನಗೆ ಗೊತ್ತು? ಎರಡು ದಿನ ಬಿಟ್ಟು ಬಾಗಿಲ ಹಿಡಿಕೆಗೆ ಒಂದು ಚೀಲ ನೇತುಬಿದ್ದಿತ್ತು. ಒಳಗೆ ಹಿಮ್ಮಡಿಯ ಕಡೆ ದಪ್ಪಗಿರುವ ಮೆತ್ತನೆಯ ರಬ್ಬರಿನ ಚಪ್ಪಲಿ. ಹಾಕಿಕೊಂಡು ನೋಡಿದೆ. ಅಳತೆ ತೆಗೆಸಿ ಮಾಡಿಸಿದ ಹಾಗೆ ಕೂತಿತು. ಮನೆಯೊಳಗೆ ಅದನ್ನೇ ಹಾಕಿಕೊಂಡು ಓಡಾಡತೊಡಗಿದೆ, ಬಾಗಿಲ ಗಂಟೆಯಾದರೆ ಸೋಫಾದ ಅಡಿಗೆ ಒದೆಯುತ್ತಿದ್ದೆ.

ಸಿಲ್ವಿಯಾಳಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಅವಳು ಮೊದಲು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ದಿನಾ ಶುರುವಾಯಿತು. “ಶೇಖರನಿಗೆ ರಾತ್ರಿ ಅನ್ನ ಆಗ್ತದಾ, ಚಪಾತಿ ಮಾಡ್ಬೇಕಾ?” “ಶೇಖರನ ಬನಿಯಾನು ಒಗೆಯಲಿಕ್ಕೆ ಹಾಕಿದ್ದಾ?” ನಮ್ಮ ಮಗಳು ರಿಯಾ ಇಂಗ್ಲಿಷ್ ಶಾಲೆಯವಳು, ಅವಳ ಕನ್ನಡ ಎಲ್ಲಿಗೋ ಹೊರಟು ಎಲ್ಲಿಗೋ ತಲುಪುತ್ತದೆ. ಒಂದು ಸಂಜೆ ಹೋಂವರ್ಕು ಬಿಟ್ಟು ತಲೆಯೆತ್ತಿ, “ಪಪ್ಪಾ, ಶೇಖರ್ ಅಂಕಲ್ ಪೂವರ್ ಅಲ್ವಾ? ಮತ್ತೆ ಅವರ ಚಪ್ಪಲ್ ನೀವು ಯಾಕೆ ತಗೊಂಡದ್ದು?” ಎಂದಳು.

ಸಿಲ್ವಿಯಾ ಆ ಮಾತಿಗೆ ನಗಲಿಲ್ಲ. ನನಗಂತೂ ಊಟ ಸೇರಲಿಲ್ಲ.

ಬೆಳಿಗ್ಗೆ ಆಫೀಸಿಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಲೇಬರುಗಳನ್ನು ತುಂಬಿಕೊಂಡ ಕಂಪೆನಿ ಬಸ್ಸುಗಳು ಪಕ್ಕಕ್ಕೆ ಬಂದು ನಿಲ್ಲುತ್ತವೆ. ಕಿಟಕಿಯ ಗಾಜಿಗೆ ತಲೆಯೊರಗಿಸಿ ನಿದ್ದೆ ಹೋದ ಮುಖಗಳು. ಇಷ್ಟು ವರ್ಷ ನಾನು ಆ ಮುಖಗಳನ್ನು ನೋಡಿಯೂ ನೋಡದವನು. ಈಗ ನೋಡಲಿಕ್ಕೇ ಆಗುತ್ತಿರಲಿಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ನಿಜವಾಗಿ ಹಿಮ್ಮಡಿ ನೋಯುತ್ತಿರಬಹುದು. ಅವರ ಹೆಸರು ಹೇಳಿ ನಾನು ನನ್ನ ಮುಖ ಉಳಿಸಿಕೊಂಡಿದ್ದೆ, ಅವರಿಗೆ ಸಲ್ಲಬೇಕಾದ ಕನಿಕರವನ್ನು ನಾನು ಮನೆಗೆ ತಂದುಕೊಂಡಿದ್ದೆ, ಚಪ್ಪಲಿ ಸಮೇತ. ಕಾರ್ಡಿನ ಬಣ್ಣಕ್ಕಾಗಿ ಪಟ್ಟದ್ದು ಎಂಥ ನಾಚಿಕೆ! ಇದು ನೋಡಿ, ನಿಜವಾದ ನಾಚಿಕೆ.

ಇಷ್ಟಾದರೂ ಹೋಗಿ ಹಮೀದಾಕರ ಹತ್ತಿರ ನಿಜ ಹೇಳುವ ಧೈರ್ಯ ಬರಲಿಲ್ಲ. ಕಾಲು ಮಾತ್ರ ದಿನದಿನಕ್ಕೆ ಕೆಡುತ್ತಿತ್ತು. ಮೊದಲು ಬೆಳಗಿನ ಹೊತ್ತು ಮಾತ್ರ ಇದ್ದ ನೋವು ಈಗ ಆಫೀಸಿನ ಮೆಟ್ಟಿಲಿನಲ್ಲೂ ಜೊತೆಗಿರುತ್ತಿತ್ತು. ಕೊನೆಗೆ ಕಾರಿನೊಳಗೆ ಕೂತು, ಗಾಜು ಏರಿಸಿಕೊಂಡು, ನನ್ನ ವಿದ್ಯೆಯನ್ನೆಲ್ಲ ನನ್ನ ಮೇಲೆಯೇ ಪ್ರಯೋಗಿಸಿದೆ. ವಕ್ರಾದ ಒಂದು ಕ್ಲಿನಿಕ್ಕು ಕಾರ್ಡು ತೆಗೆದುಕೊಳ್ಳುತ್ತಿತ್ತು, ಆದರೆ ಮೂಳೆ ಡಾಕ್ಟರು ರಜೆಯಲ್ಲಿ ಊರಿಗೆ ಹೋಗಿದ್ದರು. ಇನ್ನೊಂದು ಕಡೆ ಡಾಕ್ಟರಿದ್ದರು, ಕಾರ್ಡು ಹೋದ ತಿಂಗಳಷ್ಟೇ ನಿಂತಿತ್ತು. ಮತ್ತೊಂದು ಕಡೆ ಎರಡೂ ಇತ್ತು, ಹೆಂಗಸರ ಕಾಯಿಲೆಗೆ ಮಾತ್ರ.

ಉಳಿದದ್ದು ಒಂದೇ. ಅದನ್ನು ಹುಡುಕಿ ಕೊಟ್ಟವರು ಹಮೀದಾಕರೇ. “ನಮ್ಮ ಅಂಗಡಿಯ ಪಕ್ಕದ ಓಣಿಯಲ್ಲೇ ಇದೆ ಪೊರ್ಬುಗಳೇ. ಶೇಖರನ ಕಾರ್ಡು ತಗೊಳ್ತಾರೆ. ನಾನು ಖುದ್ದು ಹೋಗಿ ಕೇಳಿದ್ದೇನೆ. ಡಾಕ್ಟರು ಯಾರು, ಯಾವ ಹೊತ್ತಿಗೆ ಬರ್ತಾರೆ, ಎಲ್ಲ ಕೇಳಿದ್ದೇನೆ. ನೀವೇ ಹೇಳಿ ಕೊಟ್ಟದ್ದಲ್ವಾ, ಕೇಳದೆ ಹೊರಡಬಾರದು ಅಂತ? ಯಲ್ಲಾ, ಬೇಗ ಅವನನ್ನು ಕಳಿಸಿ. ಬೇಕಿದ್ದರೆ ನಾನೇ ಲೇಬರ್ ಕ್ಯಾಂಪಿಗೆ ಹೋಗಿ ಕರ್ಕೊಂಡು ಬರ್ತೇನೆ.”

“ಬೇಡ ಬೇಡ, ಅವನೇ ಹೋಗ್ತಾನೆ,” ಎಂದೆ.

ಹಮೀದಾಕ ಮಧ್ಯಾಹ್ನ ನಮಾಜು ಮುಗಿಸಿ, ಮನೆಗೆ ಬಂದು ಉಂಡು, ಒಂದು ನಿದ್ದೆ ತೆಗೆದೇ ಅಂಗಡಿಗೆ ಮರಳುವವರು. ಆ ಹೊತ್ತು ನೋಡಿಕೊಂಡು ಅರ್ಧ ದಿನ ರಜೆ ಹಾಕಿ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೊರಟೆ. ಗ್ಯಾರೇಜು, ವೆಲ್ಡಿಂಗಿನ ಶೆಡ್ಡು, ಧೂಳು ಹೊತ್ತ ಲಾರಿಗಳನ್ನೆಲ್ಲ ದಾಟಿ ಆ ಓಣಿ ಸಿಕ್ಕಿತು. ಕಾರನ್ನು ಎರಡು ಓಣಿ ಆಚೆ ನಿಲ್ಲಿಸಿ, ಕುಂಟುತ್ತ ನಡೆದೆ. ಯಾಕೆ ಆಚೆ ನಿಲ್ಲಿಸಿದ್ದೆಂದು ಕೇಳಬೇಡಿ, ಕಳ್ಳನಿಗೆ ಕಾರಣ ಬೇಕಾಗುವುದಿಲ್ಲ.

ಕ್ಲಿನಿಕ್ಕು ಚಿಕ್ಕದು. ಪ್ಲಾಸ್ಟಿಕ್ಕಿನ ಕುರ್ಚಿಗಳ ತುಂಬ ಕವರಾಲ್ ತೊಟ್ಟವರು. ಇಲ್ಲಿ ಔಷಧಿಯ ವಾಸನೆ ಧಾರಾಳವಾಗಿತ್ತು. ನಾನು ಬಾಗಿಲಲ್ಲಿ ನಿಂತದ್ದನ್ನು, ನಿಂತ ಭಂಗಿಯನ್ನು ನೋಡಿ, ಬ್ಯಾಂಡೇಜು ಸುತ್ತಿದ ಕೈಯವನೊಬ್ಬ ಎದ್ದು, “ಬೈಠೋ ಭಾಯಿ,” ಎಂದು ಕುರ್ಚಿ ಬಿಟ್ಟುಕೊಟ್ಟ. ಭಾಯಿ ಎಂದ, ಸರ್ ಎನ್ನಲಿಲ್ಲ. ನಾನು ಬೇಡವೆನ್ನಬೇಕಿತ್ತು. ಕೂತೆ, ಕಾಲು ಹಾಗಿತ್ತು.

ಕೌಂಟರಿನಲ್ಲಿ ಒಬ್ಬರು ನರ್ಸಮ್ಮ, ನಡುವಯಸ್ಸಿನವರು, ಮಾತಿನ ಧಾಟಿಯಲ್ಲೇ ನಮ್ಮ ಕಡೆಯವರೆಂದು ಗೊತ್ತಾಗುತ್ತಿತ್ತು. ನನ್ನ ಸರದಿ ಬಂದಾಗ ಅಭ್ಯಾಸಬಲದಿಂದ ಕೈ ಪರ್ಸಿಗೆ ಹೋಯಿತು. ಅವರು ಕಾರ್ಡು ಕೇಳಲೇ ಇಲ್ಲ.

“ಎಲ್ಲಿ ನೋವು?” ಎಂದರು.

ಎಷ್ಟು ವರ್ಷವಾಗಿತ್ತು ಆ ಪ್ರಶ್ನೆ ಕಿವಿಗೆ ಬಿದ್ದು! ಊರಿನಲ್ಲಿ ನಮ್ಮ ಹಳೆಯ ಡಾಕ್ಟರು ಹೀಗೆಯೇ ಕೇಳುತ್ತಿದ್ದರು. ಕೇಳಿ, ಗುಲಾಬಿ ಬಣ್ಣದ ಮಿಕ್ಸ್ಚರು ಕೊಟ್ಟು ಕಳಿಸುತ್ತಿದ್ದರು. ಅರ್ಧ ಕಾಯಿಲೆ ಆ ಪ್ರಶ್ನೆಗೇ ಇಳಿಯುತ್ತಿತ್ತು, ಉಳಿದರ್ಧಕ್ಕೆ ಮಿಕ್ಸ್ಚರು. “ಹಿಮ್ಮಡಿ,” ಎಂದೆ. “ಬಲಗಾಲು.”

“ಓ, ಶೇಖರ ಅಲ್ವಾ ನೀವು?” ಎನ್ನುವಾಗ ಅವರ ಮುಖ ಅರಳಿತು. “ಹಮೀದಾಕ ಹೇಳಿದ್ದಾರೆ. ದಿನಾ ಬಂದು, ಶೇಖರ ಬಂದನಾ ಅಂತ ಕೇಳಿ ಹೋಗ್ತಾರೆ.” ಆಮೇಲೆ ದನಿ ತಗ್ಗಿಸಿ, “ಜನ ಸ್ವಲ್ಪ ನಾಚಿಕೆ ಸ್ವಭಾವ, ಎಲ್ಲರ ಎದುರು ಕಾರ್ಡಿನ ವಿಷಯ ಗಟ್ಟಿಯಾಗಿ ಕೇಳ್ಬೇಡಿ, ಅಂತ ಹೇಳಿದ್ದಾರೆ. ಅದಕ್ಕೇ ಕೇಳ್ಲಿಲ್ಲ. ಮೆಲ್ಲ ಕೊಡಿ,” ಎಂದು ಕೌಂಟರಿನ ಕೆಳಗಿನಿಂದ ಕೈ ಚಾಚಿದರು.

ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಹಮೀದಾಕರಿಗೆ ಗೊತ್ತು. ಥುಮಾಮಾದ ಕೌಂಟರಿನ ಎದುರು ನಿಂತ ಗಳಿಗೆಯಿಂದಲೇ ಗೊತ್ತು. ಒಂದೇ ಕಟ್ಟಡ, ಒಂದೇ ಲಿಫ್ಟು, ತಿಂಗಳಿನಿಂದ ನಾನು ಮುಂಗಾಲಿನ ಮೇಲೆ ಬೇಲಿ ದಾಟುವ ಕೋಳಿಯ ಹಾಗೆ ನಡೆಯುತ್ತಿದ್ದದ್ದನ್ನು ಕುರುಡನೂ ನೋಡಿರುತ್ತಾನೆ. ಅಷ್ಟಲ್ಲದೆ ಶೇಖರನ ಚಪ್ಪಲಿಯ ಸೈಜನ್ನು ನನ್ನಲ್ಲಿ ಯಾಕೆ ಕೇಳಿದರು? ಗೊತ್ತಿದ್ದೂ ಅವರು ಶೇಖರನ ಊರು ಕೇಳಿದರು, ಮಕ್ಕಳನ್ನು ಕೇಳಿದರು, ಎಲ್ಲರ ಮುಂದೆ ಅವನನ್ನು ನಿಜ ಮಾಡಿಕೊಟ್ಟರು. ನಾನು ಮುಖ ಮುಚ್ಚಿಕೊಳ್ಳಲು ಹೆಣೆದ ಪರದೆ ಮೋಟಾಗಿತ್ತು, ಉಳಿದರ್ಧವನ್ನು ಅವರೇ ಹಿಡಿದು ನಿಂತಿದ್ದರು.

ಕಾರ್ಡು ಕೊಟ್ಟೆ. ನರ್ಸಮ್ಮ ಅದರ ಮೇಲಿನ ಹೆಸರು ಓದಿದರು. ನನ್ನನ್ನು ನೋಡಿದರು. ಕಂಪ್ಯೂಟರಿನಲ್ಲಿ ಏನೋ ಒತ್ತಿ, “ಕೂತುಕೊಳ್ಳಿ, ಈಗ ಕರೀತಾರೆ,” ಎಂದರು. ಒಳಗೆ ಡಾಕ್ಟರು ಹಿಮ್ಮಡಿಯನ್ನು ಹೆಬ್ಬೆರಳಲ್ಲಿ ಒತ್ತಿ ನನ್ನಿಂದ ಒಂದು ಕೂಗು ಹೊರಡಿಸಿ, ದೊಡ್ಡದೇನಲ್ಲ, ಆದರೆ ತಡ ಮಾಡಿದ್ದೀರಿ ಎಂದರು. ಗೋಡೆಗೆ ಕೈಯಿಟ್ಟು ಮೀನಖಂಡ ಎಳೆಯುವ ವ್ಯಾಯಾಮ ತೋರಿಸಿದರು. ಮಾತ್ರೆ ಬರೆದರು. “ಹಿಮ್ಮಡಿ ಕಡೆ ದಪ್ಪಗಿರೋ ಮೆತ್ತನೆ ಚಪ್ಪಲಿ ತಗೊಳ್ಳಿ,” ಎಂದರು.

“ಇದೆ,” ಎಂದೆ.

ಆ ಶುಕ್ರವಾರ ಸಂಜೆ ಕರಕ್ ಅಂಗಡಿಗೆ ಅದೇ ಚಪ್ಪಲಿ ಹಾಕಿಕೊಂಡು ಹೋದೆ. ಬೇಕೆಂದೇ ಹಾಕಿಕೊಂಡು ಹೋದೆ. ಹಮೀದಾಕ ಮೂಲೆಯ ಮೇಜಿನಲ್ಲಿ ಒಬ್ಬರೇ ಕೂತಿದ್ದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಎದುರು ಕೂತ ಕೂಡಲೇ ಅದರಲ್ಲಿ ಒಂದೂ ಉಳಿಯಲಿಲ್ಲ.

“ಹಮೀದಾಕ, ಆ ಶೇಖರ...” ಎಂದು ಶುರು ಮಾಡಿದೆ.

ಅವರು ನನ್ನ ಕಾಲ ಕಡೆಗೆ ಒಮ್ಮೆ ನೋಡಿದರು. ಚಪ್ಪಲಿಯನ್ನು ನೋಡಿದರು. ಗ್ಲಾಸು ಮೇಜಿನ ಮೇಲಿಟ್ಟು ನನ್ನ ಭುಜದ ಮೇಲೆ ಕೈಯಿಟ್ಟರು. “ಅವನನ್ನು ಊರಿಗೆ ಕಳಿಸಿಬಿಡಿ ಪೊರ್ಬುಗಳೇ. ಖಲಾಸ್. ಕಾಲು ಸರಿಯಾಯ್ತಲ್ಲ, ಹೆಂಡತಿ ಮಕ್ಕಳ ಹತ್ತಿರ ಹೋಗಿ ಆರಾಮದಲ್ಲಿರಲಿ ಪಾಪ.” ಅಷ್ಟು ಹೇಳಿ ಅಂಗಡಿಯವನಿಗೆ, ಇನ್ನೊಂದು ಕರಕ್ ಎಂದು ಬೆರಳೆತ್ತಿದರು.

ನಾನು ಕ್ಷಮೆ ಕೇಳಬೇಕಿತ್ತು. ಆಗಲಿಲ್ಲ, ಚಹಾ ಬಿಸಿಯಾಗಿತ್ತು, ನುಂಗಿದೆ. ಕಾಲು ಈಗ ಬಹುಮಟ್ಟಿಗೆ ಸರಿಯಾಗಿದೆ. ನಾಚಿಕೆ ಮಾತ್ರ ಇನ್ನೂ ಇದೆ. ಅದಕ್ಕೆ ವ್ಯಾಯಾಮ ಯಾವುದೆಂದು ಡಾಕ್ಟರು ಹೇಳಲಿಲ್ಲ.

ಮೊನ್ನೆ ಪ್ರಸನ್ನರ ಫೋನು ಬಂತು. ಕಟ್ಟಡದ ಅತಿ ದೊಡ್ಡ ಕಾರ್ಡಿನವರು. “ವಿಕ್ಟರ್, ಬ್ಯುಸಿ ಇದ್ದೀರಾ? ಏನಿಲ್ಲ, ನಮ್ಮ ಆಫೀಸಲ್ಲಿ ಒಬ್ಬರಿದ್ದಾರೆ. ಡ್ರಾಫ್ಟ್ಸ್‌ಮನ್ನು. ಪಾಪ, ಬಲಗೈ ಮೇಲೆತ್ತೋಕೇ ಆಗ್ತಿಲ್ಲ ಅವರಿಗೆ. ಕಾರ್ಡು... ಆ ತಿಳಿನೀಲಿ ಇದೆಯಲ್ಲ, ಅದಂತೆ. ಅದನ್ನ ತಗೊಳ್ಳೋ ಕ್ಲಿನಿಕ್ ಯಾವುದಾದ್ರೂ...”

ಲಿಫ್ಟಿನಲ್ಲಿ ಪ್ರಸನ್ನರು ಈಚೆಗೆ ಎಡಗೈಯಿಂದ ಗುಂಡಿ ಒತ್ತುವುದು ನೆನಪಾಯಿತು. ಚಹಾದ ಗ್ಲಾಸೂ ನೆನಪಾಯಿತು. ಅವರ ಕಂಪೆನಿಯಲ್ಲಿ ಏನೋ ಬದಲಾವಣೆಯಾಗಿದೆ ಎಂಬ ಗಾಳಿಸುದ್ದಿ ಕಟ್ಟಡದಲ್ಲಿ ಇದ್ದೇ ಇತ್ತು. ಕಣ್ಣು ಅರ್ಧ ಮುಚ್ಚಿ ತಡೆಯುವ ಗತ್ತು ನನಗೆ ಬರಲಿಲ್ಲ.

“ಯಾವಾಗಿನಿಂದ ನೋವಂತೆ?” ಎಂದು ಕೇಳಿದೆ.

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

“ತುಂಬ ದಿನ ಆಯ್ತು ವಿಕ್ಟರ್,” ಎಂದರು. ದನಿ ಸಣ್ಣದಾಗಿತ್ತು. “ರಾತ್ರಿ ನಿದ್ದೆ ಬರ್ತಿಲ್ಲ.”

“ನಾಳೆಯೇ ಹೋಗಲಿಕ್ಕೆ ಹೇಳಿ. ಕೇಳುವ ಕೆಲಸವೆಲ್ಲ ನಾನು ಮಾಡಿಡ್ತೇನೆ,” ಎಂದೆ.

ಫೋನಿಟ್ಟ ಕೂಡಲೇ ಇಂಡಸ್ಟ್ರಿಯಲ್ ಏರಿಯಾದ ನರ್ಸಮ್ಮನಿಗೆ ಕರೆ ಮಾಡಿದೆ. ಭುಜದ ನೋವಿನವರು ಒಬ್ಬರು ನಾಳೆ ಬರುತ್ತಾರೆ, ಜನ ಸ್ವಲ್ಪ ನಾಚಿಕೆ ಸ್ವಭಾವ, ಎಲ್ಲರೆದುರು ಕಾರ್ಡಿನ ವಿಷಯ ಗಟ್ಟಿಯಾಗಿ ಕೇಳಬೇಡಿ ಎಂದೆ.

“ಆಯ್ತು ಸರ್. ಹೆಸರೆಂಥ ಅಂತ ಇಟ್ಟುಕೊಳ್ಳಲಿ?” ಎಂದರು ಅವರು.

“ಶೇಖರ,” ಎಂದೆ. “ಹೊಸ ವೀಸಾದಲ್ಲಿ ವಾಪಸು ಬಂದಿದ್ದಾನೆ.”